ಪದ ಪರಿಚಯ: ಬಿಪಿ ಮತ್ತು ಫ್ಯಾಮಿಲಿ ಹಿಸ್ಟರಿ

'ಮನೇಲಿ ಯಾರಿಗಾದ್ರೂ ಬಿಪಿ ಇದೆಯಾ?' ತೋಳಿಗೆ ಪಟ್ಟಿ ಸುತ್ತುತ್ತಾ ಡಾಕ್ಟರು ಹೀಗೆ ಕೇಳಿದರೆ, ಅವರಿಗೆ ಬೇಕಿರುವುದು ನಿಮ್ಮ ಫ್ಯಾಮಿಲಿ ಹಿಸ್ಟರಿ. ರಕ್ತಸಂಬಂಧಿಗಳಲ್ಲಿ ಯಾರಿಗೆ ಯಾವ ಕಾಯಿಲೆ, ಯಾವ ವಯಸ್ಸಿಗೆ ಬಂತು ಎಂಬ ವಿವರ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಮೊದಲ ಸಾಲಿನವರು. ಗಂಡನ ಬಿಪಿ ಹೆಂಡತಿಯ ಲೆಕ್ಕಕ್ಕೆ ಬರುವುದಿಲ್ಲ. ಸೋದರಮಾವನನ್ನೇ ಮದುವೆಯಾಗಿದ್ದರೆ ಮಾತು ಬೇರೆ!

'ನಮ್ಮ ವಂಶದಲ್ಲೇ ಬಿಪಿ ಇಲ್ಲ' ಎಂದು ಕೆಲವರು ಧೈರ್ಯವಾಗಿ ಹೇಳುತ್ತಾರೆ. ನನಗೆ ಭಯ ಆಗುವುದು ಈ ಉತ್ತರ ಕೇಳಿದಾಗಲೇ. ಎಷ್ಟೋ ಮನೆಗಳಲ್ಲಿ ಹಿರಿಯರು ಬಿಪಿ ನೋಡಿಸಿಕೊಂಡೇ ಇಲ್ಲ. ಬಿಪಿ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. 'ತಾತ ಗಟ್ಟಿಮುಟ್ಟಾಗಿದ್ರು, ಹೊಲದಿಂದ ಬಂದು ಜಗಲಿ ಮೇಲೆ ಕೂತಿದ್ದಾಗ ಲಕ್ವ ಹೊಡೀತು' ಎನ್ನುವ ಕಥೆ ಯಾವ ಮನೆಯಲ್ಲಿಲ್ಲ ಹೇಳಿ? ಆ ಲಕ್ವದ ಹಿಂದೆ ಬಿಪಿ ಇದ್ದಿರಬಹುದು. ಹಾಗಾಗಿ ಅಜ್ಜಿಯನ್ನು ಕೇಳುವಾಗ ಬರೀ ಬಿಪಿ ಅನ್ನಬೇಡಿ. ಲಕ್ವ, ಹಾರ್ಟ್ ಅಟ್ಯಾಕ್, ಕಿಡ್ನಿ ತೊಂದರೆ ಯಾರಿಗಿತ್ತು, ಆಗ ವಯಸ್ಸೆಷ್ಟು ಎಂದು ಕೇಳಿ. ಅಪ್ಪ ಅಥವಾ ಅಣ್ಣನಿಗೆ 55ರೊಳಗೆ, ಅಮ್ಮ ಅಥವಾ ಅಕ್ಕನಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಡಾಕ್ಟರು ಅದನ್ನು ಗಂಭೀರವಾಗಿ ತಗೊಳ್ಳುತ್ತಾರೆ.

ಇನ್ನು ಕೆಲವರದು ಕೈಚೆಲ್ಲುವ ಉತ್ತರ: 'ಅಪ್ಪನಿಗೂ ಇತ್ತು, ನನಗೆ ಬರದೇ ಇರುತ್ತಾ?' ಬರಲೇಬೇಕು ಅಂತೇನಿಲ್ಲ. ಒಬ್ಬರಿಂದೊಬ್ಬರಿಗೆ ಬಿಪಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಸುಮಾರು ಶೇ 30ರಿಂದ 50. ಅದೂ ಒಂದೇ ಜೀನ್‌ನ ಕೆಲಸವಲ್ಲ, ನೂರಾರು ಸೇರಿ ಚೂರುಚೂರೇ ಏರಿಸುತ್ತವೆ. ಅಪ್ಪನಿಂದ ನಮಗೆ ಬರುವುದು ಜೀನ್ ಮಾತ್ರವೂ ಅಲ್ಲ, ಊಟದ ರೂಢಿಯೂ ಬರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆಗೊಂದು ಚಿಟಿಕೆ, ಎಲ್ಲಾ ಸೇರಿಸಿದರೆ ಅದು ಎಲ್ಲಿ ನಿಲ್ಲುತ್ತೆ? ತೂಕ, ಕುಡಿತ, ಕೂತಲ್ಲೇ ಕೂರುವುದು ಇವೂ ನಮ್ಮ ಕೈಯಲ್ಲೇ ಇವೆ.

ಅಪ್ಪ ಅಮ್ಮನಿಗೆ ಬಿಪಿ ಇದ್ದರೆ ನಿಮಗೆ 25 ಆಗಿದ್ದರೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ, ಐದು ನಿಮಿಷ ಸುಮ್ನೆ ಕೂತಿರಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಅಧಿಕ ರಕ್ತದೊತ್ತಡ.