ಮಿಸ್, ನೀವು ಯಾರಿಗೆ ವೋಟು ಹಾಕ್ತೀರ?

ಇಂಗ್ಲೆಂಡಿನ ಪ್ರೈಮರಿ ಶಾಲೆಯಲ್ಲಿ ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಚುನಾವಣೆ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆ ತಪ್ಪಿದ್ದಲ್ಲ. ನನ್ನ ಉತ್ತರ ಯಾವಾಗಲೂ ಒಂದೇ: ಹೇಳಲ್ಲ. ಮಕ್ಕಳಿಗೆ ಇದು ಬಿಗುಮಾನ ಅನ್ನಿಸುತ್ತೆ, ಆದರೆ ಇದಕ್ಕೆ ಕಾನೂನೇ ಇದೆ. 1996ರ ಶಿಕ್ಷಣ ಕಾಯ್ದೆ ಪ್ರಕಾರ ಪಾಠದಲ್ಲಿ ಒಂದು ಪಕ್ಷದ ಪರ ಪ್ರಚಾರ ಮಾಡುವಂತಿಲ್ಲ, ರಾಜಕೀಯದ ವಿಷಯ ಬಂದರೆ ಬೇರೆ ಬೇರೆ ಕಡೆಯವರ ಮಾತನ್ನೂ ಮಕ್ಕಳ ಮುಂದಿಡಬೇಕು.

ಪಕ್ಷಗಳಿಂದ ಶುರು ಮಾಡಿದರೆ ಪಾಠ ಕೆಟ್ಟಿತು ಅಂತಲೇ ಲೆಕ್ಕ. ಲೇಬರ್ ಕೆಂಪು, ಕನ್ಸರ್ವೇಟಿವ್ ನೀಲಿ, ಲಿಬರಲ್ ಡೆಮಾಕ್ರಾಟ್ ಹಳದಿ ಅಂತ ಬಣ್ಣ ಬಾಯಿಪಾಠ ಮಾಡಿ, ಯಾವುದು ನಮ್ಮ ಟೀಮು ಅಂತ ಜಗಳಕ್ಕೆ ಇಳಿಯುತ್ತಾರೆ. ಅದಕ್ಕೇ ನಾನು ವೋಟು ಎಣಿಸುವುದರಿಂದ ಶುರು ಮಾಡುತ್ತೇನೆ.

30 ಮಕ್ಕಳು, 6 ಟೇಬಲ್, ಒಂದೊಂದರಲ್ಲಿ ಐವರು. ಶಾಲೆಗೆ ಸ್ವಲ್ಪ ದುಡ್ಡು ಬಂದಿದೆ, ಫುಟ್‌ಬಾಲ್ ಗೋಲ್‌ಪೋಸ್ಟ್ ತರೋಣವೋ, ಲೈಬ್ರರಿಗೆ ಪುಸ್ತಕ ತರೋಣವೋ? ಚೀಟಿಗಳನ್ನು ನಾನೇ ಮೊದಲೇ ಬರೆದು ಹಂಚಿರುತ್ತೇನೆ, ಇಲ್ಲದಿದ್ದರೆ ನನಗೆ ಬೇಕಾದ ಲೆಕ್ಕ ಬರಲ್ಲ. ಯಾವ ಟೇಬಲ್ಲಿನಲ್ಲಿ ಯಾವುದಕ್ಕೆ ಜಾಸ್ತಿ ಚೀಟಿ ಬಿತ್ತೋ ಆ ಟೇಬಲ್ ಅದರ ಪಾಲು. ನಾಲ್ಕು ಟೇಬಲ್‌ಗಳಲ್ಲಿ ಫುಟ್‌ಬಾಲಿಗೆ 3, ಪುಸ್ತಕಕ್ಕೆ 2. ಉಳಿದೆರಡರಲ್ಲಿ ಐದಕ್ಕೆ ಐದೂ ಪುಸ್ತಕಕ್ಕೆ. ಟೇಬಲ್ ಎಣಿಸಿದರೆ ಫುಟ್‌ಬಾಲಿಗೆ 4, ಪುಸ್ತಕಕ್ಕೆ 2. ಚೀಟಿ ಎಣಿಸಿದರೆ ಪುಸ್ತಕಕ್ಕೆ 18, ಫುಟ್‌ಬಾಲಿಗೆ 12. ಗೆದ್ದಿದ್ದು ಗೋಲ್‌ಪೋಸ್ಟ್! ಅಷ್ಟು ಹೊತ್ತಿಗೆ ತರಗತಿಯಲ್ಲಿ ಗಲಾಟೆ ಶುರುವಾಗಿರುತ್ತೆ, ಆಗಲೇ ನಾನು ಬೋರ್ಡಿನ ಮೇಲೆ 650 ಅಂತ ಬರೆಯುವುದು. ಬ್ರಿಟನ್ನಿನಲ್ಲಿ 650 ಟೇಬಲ್‌ಗಳಿವೆ, ಅಂದರೆ ಕ್ಷೇತ್ರಗಳು, ಒಂದೊಂದಕ್ಕೆ ಒಬ್ಬ ಎಂಪಿ.

ಆಮೇಲೆ ನಿಜವಾದ ಅಂಕಿಗಳು. 2024ರ ಜುಲೈ 4ರ ಚುನಾವಣೆಯಲ್ಲಿ ಲೇಬರ್‌ಗೆ ಬಿದ್ದ ವೋಟು ನೂರಕ್ಕೆ ಸುಮಾರು 34, ಸಿಕ್ಕ ಸೀಟು 411. ಲಿಬರಲ್ ಡೆಮಾಕ್ರಾಟ್‌ಗೆ ನೂರಕ್ಕೆ 12 ವೋಟು, 72 ಸೀಟು. ರಿಫಾರ್ಮ್ ಯುಕೆಗೆ ಅದಕ್ಕಿಂತ ಜಾಸ್ತಿ, ನೂರಕ್ಕೆ 14, ಆದರೆ ಸೀಟು ಬರೀ 5. ಯಾಕೆ ಅಂತ ಮಕ್ಕಳೇ ಹೇಳಿಬಿಡುತ್ತಾರೆ: ಒಬ್ಬರ ಚೀಟಿ ಕೆಲವೇ ಟೇಬಲ್‌ಗಳಲ್ಲಿ ಒಟ್ಟಿಗೆ ಬಿತ್ತು, ಇನ್ನೊಬ್ಬರದು ಎಲ್ಲ ಟೇಬಲ್‌ಗಳಲ್ಲೂ ಚೂರು ಚೂರು ಬಿತ್ತು.

"ಇದು ಮೋಸ ಅಲ್ವಾ ಮಿಸ್?" ಇಲ್ಲೂ ನಾನು ತೀರ್ಪು ಕೊಡಲ್ಲ. ಈ ಪದ್ಧತಿಯಲ್ಲಿ ಪ್ರತಿ ಕ್ಷೇತ್ರಕ್ಕೂ ತನ್ನದೇ ಎಂಪಿ ಇರುತ್ತಾರೆ, ನಿಮಗೆ ಏನಾದರೂ ಬೇಕಿದ್ದರೆ ಯಾರಿಗೆ ಕಾಗದ ಬರೆಯಬೇಕು ಅಂತ ಗೊತ್ತಿರುತ್ತೆ ಅನ್ನುತ್ತೇನೆ. 2011ರಲ್ಲಿ ಪದ್ಧತಿ ಬದಲಾಯಿಸೋಣವಾ ಅಂತ ಜನರನ್ನೇ ಕೇಳಿದಾಗ ನೂರಕ್ಕೆ 68 ಜನ ಬೇಡ ಅಂದಿದ್ದನ್ನೂ ಹೇಳುತ್ತೇನೆ. ನಮ್ಮ ಲೋಕಸಭೆಗೂ ವಿಧಾನಸಭೆಗೂ ಎಣಿಕೆ ಹೀಗೇ ನಡೆಯುವುದು, ಹಾಗಾಗಿ ಕನ್ನಡದ ಅಪ್ಪ-ಅಮ್ಮಂದಿರಿಗೆ ಇದರಲ್ಲಿ ಹೊಸದೇನಿಲ್ಲ.

ಪ್ರಧಾನಿಯ ಹೆಸರು ಮತಪತ್ರದಲ್ಲಿ ಇರಲ್ಲ ಅನ್ನೋದು ಮಕ್ಕಳಿಗೆ ಇನ್ನೊಂದು ಆಶ್ಚರ್ಯ. 2024ರಲ್ಲಿ ಗೆದ್ದು ಪ್ರಧಾನಿಯಾದ ಲೇಬರ್ ನಾಯಕ ಕೀರ್ ಸ್ಟಾರ್ಮರ್ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುಣಿಸು ಗುರುತು ಹಾಕುವ ಅವಕಾಶ ಇದ್ದದ್ದು ಲಂಡನ್ನಿನ ಹೋಲ್ಬರ್ನ್ ಅಂಡ್ ಸೇಂಟ್ ಪ್ಯಾಂಕ್ರಾಸ್ ಕ್ಷೇತ್ರದವರಿಗೆ ಮಾತ್ರ. 2022ರಲ್ಲಂತೂ ಒಂದೂ ಸಾರ್ವತ್ರಿಕ ಚುನಾವಣೆ ಇಲ್ಲದೆ ದೇಶ ಒಂದೇ ವರ್ಷದಲ್ಲಿ ಮೂವರು ಪ್ರಧಾನಿಗಳನ್ನು ನೋಡಿತು: ಜಾನ್ಸನ್, ಟ್ರಸ್, ಸುನಕ್. ಪಕ್ಷ ತನ್ನ ನಾಯಕನನ್ನು ಬದಲಾಯಿಸಿದರೆ ಪ್ರಧಾನಿಯೂ ಬದಲು. ಮಕ್ಕಳಿಗೆ ಇವರ ಹೆಸರು ಮರೆತುಹೋಗುತ್ತೆ, 2011ರಿಂದ ಪ್ರಧಾನಿಯ ಮನೆಯಿರುವ ಡೌನಿಂಗ್ ಸ್ಟ್ರೀಟ್‌ನಲ್ಲೇ ಠಿಕಾಣಿ ಹೂಡಿರುವ ಬೆಕ್ಕು ಲ್ಯಾರಿ ಮಾತ್ರ ನೆನಪಿರುತ್ತೆ. ಇರಲಿ ಬಿಡಿ.

ಯಾರು ಬೇಕಾದರೂ ನಿಲ್ಲಬಹುದಾ ಅಂದರೆ ಕೌಂಟ್ ಬಿನ್‌ಫೇಸ್ ಫೋಟೋ ತೋರಿಸುತ್ತೇನೆ. ತಲೆಗೆ ಕಸದ ಡಬ್ಬಿ ಹಾಕಿಕೊಂಡು 2024ರಲ್ಲಿ ಆಗಿನ ಪ್ರಧಾನಿ ಸುನಕ್ ಅವರ ಎದುರೇ ಚುನಾವಣೆಗೆ ನಿಂತ ಮನುಷ್ಯ. ಹದಿನೆಂಟು ತುಂಬಿರಬೇಕು, ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು, 500 ಪೌಂಡ್ ಠೇವಣಿ ಕಟ್ಟಬೇಕು. ನೂರಕ್ಕೆ ಐದು ವೋಟೂ ಬರದಿದ್ದರೆ ಠೇವಣಿ ಹೋಯ್ತು. ಫಲಿತಾಂಶ ಓದುವಾಗ ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆ ಮೇಲೆ ಸಾಲಾಗಿ ನಿಲ್ಲುತ್ತಾರೆ, ಅಂದು ಪ್ರಧಾನಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಸದ ಡಬ್ಬಿ! ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಪ್ರಧಾನಿಗೂ ಈತನಿಗೂ ನಿಯಮ ಒಂದೇ ಅನ್ನೋದು ತಲೆಗೆ ಹೋಗಿರುತ್ತೆ.

ಪಕ್ಷಗಳ ಪಾಠ ಇದೆಲ್ಲ ಆದ ಮೇಲೆ. ಎಲ್ಲರಿಗೂ ಒಳ್ಳೆ ಶಾಲೆ, ಆಸ್ಪತ್ರೆ ಬೇಕು. ಜಗಳ ಇರೋದು ದುಡ್ಡು ಎಲ್ಲಿಂದ ತರೋದು, ಮೊದಲು ಎಲ್ಲಿ ಖರ್ಚು ಮಾಡೋದು ಅನ್ನೋದರಲ್ಲಿ. ಲೇಬರ್ ಕಾರ್ಮಿಕ ಸಂಘಟನೆಗಳ ಜೊತೆ ಹುಟ್ಟಿದ್ದು, ಕನ್ಸರ್ವೇಟಿವ್ ತುಂಬ ಹಳೇ ಪಕ್ಷ, ಗ್ರೀನ್‌ನವರಿಗೆ ಪರಿಸರ ಮೊದಲು, ಎಸ್‌ಎನ್‌ಪಿ ಅಂದರೆ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕು. ಇಲ್ಲಿ ನನ್ನದು ಒಂದೇ ಪರೀಕ್ಷೆ: ನಾನು ಹೇಳಿದ್ದನ್ನು ಮಗು ಮನೆಗೆ ಹೋಗಿ ಒಪ್ಪಿಸಿದಾಗ, ಆ ಪಕ್ಷಕ್ಕೇ ವೋಟು ಹಾಕುವ ಅಪ್ಪ "ಹೂಂ, ಸರಿಯಾಗೇ ಹೇಳಿದ್ದಾರೆ" ಅನ್ನಬೇಕು. ಒಂದು ವಾಕ್ಯದಲ್ಲಿ ಇದನ್ನು ಸಾಧಿಸೋದು ಅಷ್ಟು ಸುಲಭ ಅಲ್ಲ, ಬರೆದು ನೋಡಿ.

ಕೊನೆಗೊಂದು ವಿಷಯ, ಇಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಗೆ. "ನಮ್ಮಪ್ಪಂಗೆ ಇಲ್ಲಿ ವೋಟಿಲ್ಲ, ಅವರದು ಇಂಡಿಯನ್ ಪಾಸ್‌ಪೋರ್ಟ್" ಅನ್ನುವ ಮಕ್ಕಳು ಸಿಗುತ್ತಲೇ ಇರುತ್ತಾರೆ. ವೋಟಿದೆ! ಭಾರತವೂ ಸೇರಿರುವ ಕಾಮನ್‌ವೆಲ್ತ್‌ನ ಯಾವುದೇ ದೇಶದ ಪ್ರಜೆ ಸಕ್ರಮ ವೀಸಾದಲ್ಲಿ ಇಲ್ಲಿ ವಾಸವಿದ್ದರೆ ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು, ಪಕ್ಕದ ಮನೆಯ ಫ್ರೆಂಚ್‌ನವರಿಗೆ ಆ ಹಕ್ಕಿಲ್ಲ. ಆದರೆ ಹೆಸರು ನೋಂದಾಯಿಸಿರಬೇಕು, ಮತದಾನಕ್ಕೆ 12 ಕೆಲಸದ ದಿನ ಮೊದಲೇ. ಇಂಗ್ಲೆಂಡಿನಲ್ಲಿ 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತು ತೋರಿಸಬೇಕು, ಭಾರತದ ಪಾಸ್‌ಪೋರ್ಟೂ ನಡೆಯುತ್ತೆ. ಬೆರಳಿಗೆ ಮೈಸೂರಿನ ಶಾಯಿ ಹಚ್ಚಲ್ಲ, ಪಟ್ಟಿಯಲ್ಲಿ ಹೆಸರಿನ ಪಕ್ಕ ಗೆರೆ ಎಳೆಯುತ್ತಾರೆ ಅಷ್ಟೆ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೂ ತೆರೆದಿರುತ್ತೆ, ಆಫೀಸು ಮುಗಿಸಿಕೊಂಡೂ ಹೋಗಬಹುದು. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಲು ಅಡ್ಡಿಯಿಲ್ಲ, ಪೆನ್ಸಿಲ್ ಮಾತ್ರ ಅವರ ಕೈಗೆ ಕೊಡಬೇಡಿ.