ಆಪರೇಷನ್ ಬೆಳಗಿನ ಅರ್ಧ ಲೋಟ ಕಾಫಿ

ಥಿಯೇಟರ್ ಬಾಗಿಲಲ್ಲಿ ಅನಸ್ತೇಶಿಯಾ (ಮಂಪರು) ಕೊಡುವ ನಾವು ಡಾಕ್ಟರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಕೊನೆಯದಾಗಿ ಹೊಟ್ಟೆಗೆ ಏನು ಹೋಯಿತು, ಎಷ್ಟು ಗಂಟೆಗೆ? "ರಾತ್ರಿಯಿಂದ ಏನೂ ಇಲ್ಲ ಸರ್, ಹಂಗೇ ಅದಾರೆ" ಎನ್ನುತ್ತಾರೆ ಮನೆಯವರು. ಬಿಡದೆ ಮತ್ತೆ ಕೇಳಿದರೆ, "ಬೆಳಿಗ್ಗೆ ಒಂದರ್ಧ ಲೋಟ ಕಾಫಿ ಅಷ್ಟೇ, ತಿಂಡಿ ಏನೂ ಕೊಟ್ಟಿಲ್ಲ." ಅಷ್ಟು ಹೊತ್ತಿಗೆ ರೋಗಿ ಟೇಬಲ್ ಮೇಲೆ ಮಲಗಿ ಆಗಿರುತ್ತದೆ.

ಕಾಫಿಯ ಡಿಕಾಕ್ಷನ್‌ನಿಂದ ತೊಂದರೆಯಿಲ್ಲ, ಹಾಲಿನಿಂದ ಇದೆ. ನಿಂಬೆರಸ ಹಿಂಡಿದರೆ ಹಾಲು ಒಡೆಯುವಂತೆ ಹೊಟ್ಟೆಯ ಆಮ್ಲದಲ್ಲೂ ಅದು ಒಡೆಯುತ್ತದೆ. ನೀರಿನಂಶ ಬೇಗ ಕೆಳಗಿಳಿದರೂ ಗಟ್ಟಿ ಗಡ್ಡೆ ಗಂಟೆಗಟ್ಟಲೆ ಉಳಿಯುತ್ತದೆ. ಅದಕ್ಕೇ ಹಸು, ಎಮ್ಮೆ ಹಾಲನ್ನೂ ಡಬ್ಬಿ ಹಾಲನ್ನೂ ನಾವು ಲಘು ಆಹಾರದ ಜೊತೆ ಸೇರಿಸಿ, ಆಪರೇಷನ್‌ಗೆ 6 ಗಂಟೆ ಮುಂಚೆಯೇ ನಿಲ್ಲಿಸಿ ಎನ್ನುತ್ತೇವೆ. ತಾಯಿಯ ಹಾಲಿಗೆ 4 ಗಂಟೆ. ನೀರು, ಹಾಲಿಲ್ಲದ ಟೀ ಕಾಫಿ, ತಿರುಳಿಲ್ಲದ ತಿಳಿ ಹಣ್ಣಿನ ರಸಕ್ಕೆ 2 ಗಂಟೆ ಸಾಕು. ಮಜ್ಜಿಗೆ, ರಾಗಿ ಅಂಬಲಿ, ಗಂಜಿ ನೋಡಲು ತೆಳ್ಳಗಿದ್ದರೂ ಈ ಗುಂಪಿಗೆ ಸೇರುವುದಿಲ್ಲ. ಎಣ್ಣೆ, ಬೆಣ್ಣೆ, ಮಾಂಸಕ್ಕೆ 8 ಗಂಟೆ ಅಥವಾ ಅದಕ್ಕೂ ಹೆಚ್ಚು. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಹಿಂದಿನ ದಿನವೇ ದಾವಣಗೆರೆಗೆ ಬಂದು ಅಡ್ಮಿಟ್ ಆಗುವವರಿಗೆ, ಹೇಗೂ ಬಂದಿದ್ದೀವಿ ಎಂದು ರಾತ್ರಿ ತಡವಾಗಿ ಬೆಣ್ಣೆ ದೋಸೆಯನ್ನೋ ಮಂಡಕ್ಕಿ ಮಿರ್ಚಿಯನ್ನೋ ತಂದುಕೊಡಬೇಡಿ. ಬೆಳಿಗ್ಗೆ 8ಕ್ಕೆ ಆಪರೇಷನ್ ಇದ್ದರೆ ಆ ದೋಸೆ ಇನ್ನೂ ಹೊಟ್ಟೆಯಲ್ಲೇ ಇರಬಹುದು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಎಚ್ಚರವಿರುವಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದರೂ ಕೆಮ್ಮು ಬಂದು ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ನಾವು ಕೊಡುವ ಔಷಧಿ ಆ ಕೆಮ್ಮನ್ನು ನಿಲ್ಲಿಸುತ್ತದೆ, ಅನ್ನನಾಳದ ಕೆಳತುದಿಯ ಬಿಗಿಯನ್ನೂ ಸಡಿಲ ಮಾಡುತ್ತದೆ. ಆಗ ಮೇಲೆ ಬಂದದ್ದು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಚೂರು ಗಾಳಿಯ ದಾರಿಯನ್ನೇ ಮುಚ್ಚುತ್ತದೆ, ಆಮ್ಲವಾದರೆ ಒಳಗೆಲ್ಲ ಸುಡುತ್ತದೆ. ಅಮೆರಿಕದ ಹೆರಿಗೆ ತಜ್ಞ ಕರ್ಟಿಸ್ ಮೆಂಡೆಲ್ಸನ್ 1946ರಲ್ಲೇ ಇವೆರಡನ್ನೂ ಬೇರೆಬೇರೆಯಾಗಿ ವಿವರಿಸಿದ್ದರು. ಇಂಥದ್ದು ಅಪರೂಪ, ನಿಜ. ಆದರೆ ಆದಾಗ ರೋಗಿಯನ್ನು ವೆಂಟಿಲೇಟರ್ ಮೇಲೆ ಇಡಬೇಕಾಗಿ ಬರಬಹುದು.

"ಬೆನ್ನಿಗೆ ಇಂಜೆಕ್ಷನ್ ತಾನೇ, ಪೂರ್ತಿ ಮಂಪರು ಏನಿಲ್ಲವಲ್ಲ" ಎನ್ನುವವರಿದ್ದಾರೆ. ಬೆನ್ನಿನ ಇಂಜೆಕ್ಷನ್ ಕೆಲವೊಮ್ಮೆ ಸಾಕಷ್ಟು ಹಿಡಿಯುವುದಿಲ್ಲ, ಆಪರೇಷನ್ ಎಣಿಸಿದ್ದಕ್ಕಿಂತ ಉದ್ದವಾಗುವುದೂ ಉಂಟು. ಆಗ ನಡುವಲ್ಲೇ ಪೂರ್ತಿ ಅನಸ್ತೇಶಿಯಾ ಕೊಡಬೇಕಾಗುತ್ತದೆ. ಆದ್ದರಿಂದ ನಿಯಮ ಎರಡಕ್ಕೂ ಒಂದೇ.

ಸುಳ್ಳು ಹೇಳುವವರ ಮೇಲೆ ಸಿಟ್ಟು ಬರುತ್ತದೆ, ಆದರೆ ಅವರ ಭಯವೂ ಅರ್ಥವಾಗುತ್ತದೆ. ಕೂಲಿ ಬಿಟ್ಟು, ಬಸ್ ಹತ್ತಿ, ದನಕರುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿರುತ್ತಾರೆ. ನಿಜ ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆಂಬ ಚಿಂತೆ. ಸಾಮಾನ್ಯವಾಗಿ ಆಗುವುದಿಷ್ಟೇ: ಲಿಸ್ಟಿನಲ್ಲಿ ನಿಮ್ಮ ಸರದಿ ಕೆಲವು ಗಂಟೆ ಹಿಂದಕ್ಕೆ ಹೋಗುತ್ತದೆ. ಕಾಯಲು ಸಾಧ್ಯವೇ ಇಲ್ಲದ ತುರ್ತು ಕೇಸಿನಲ್ಲಿ ಹೊಟ್ಟೆ ತುಂಬಿದೆ ಎಂದು ಗೊತ್ತಿದ್ದರೆ ವಿಧಾನವನ್ನೇ ಬದಲಿಸುತ್ತೇವೆ. ಮೊದಲು ಚೆನ್ನಾಗಿ ಆಕ್ಸಿಜನ್ ಕೊಟ್ಟು, ಮೇಲೆ ಬಂದದ್ದನ್ನು ಹೀರಿ ತೆಗೆಯುವ ಸಕ್ಷನ್ ಕೈಗೆಟುಕುವಂತೆ ಇಟ್ಟುಕೊಂಡು, ಬೇಗ ಕೆಲಸ ಮಾಡುವ ಔಷಧಿ ಕೊಟ್ಟು ತಕ್ಷಣ ಗಂಟಲಿಗೆ ಉಸಿರಾಟದ ಟ್ಯೂಬ್ ಹಾಕುತ್ತೇವೆ. ಕೆಲವು ಕಡೆ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ಒಳಗೆ ಎಷ್ಟಿದೆ ಎಂದೂ ನೋಡುತ್ತಾರೆ. ಈ ಸಿದ್ಧತೆ ನಡೆಯುವುದು ನೀವು ಕಾಫಿಯ ವಿಷಯ ಹೇಳಿದರೆ ಮಾತ್ರ.

ಇದಕ್ಕೆ ಉಲ್ಟಾ ತಪ್ಪೂ ಇದೆ, ಅದರಲ್ಲಿ ಆಸ್ಪತ್ರೆಯವರ ಪಾಲೂ ಇದೆ. "ರಾತ್ರಿ 12ರಿಂದ ಏನೂ ಬೇಡ" ಎಂದು ಎಲ್ಲರಿಗೂ ಒಂದೇ ಮಾತು ಹೇಳಿಬಿಡುತ್ತಾರೆ. ಸರದಿ ಮಧ್ಯಾಹ್ನ 2ಕ್ಕೆ ಬಂದರೆ ಏಪ್ರಿಲ್ ಬಿಸಿಲಲ್ಲಿ 14 ಗಂಟೆ ಒಂದು ತೊಟ್ಟು ನೀರಿಲ್ಲ. ವಯಸ್ಸಾದವರಿಗೆ ತಲೆನೋವು, ಸುಸ್ತು. ಡ್ರಿಪ್‌ಗೆ ನರ ಸಿಗುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಕೂಡಲೇ ಬಿಪಿ ಜರ್ರನೆ ಇಳಿಯುವ ಸಾಧ್ಯತೆಯೂ ಹೆಚ್ಚು. ಮಕ್ಕಳಂತೂ ಅತ್ತು ಅತ್ತು ಬಳಲಿರುತ್ತಾರೆ. ಯುರೋಪಿನ 2022ರ ಮಾರ್ಗಸೂಚಿ ಮಕ್ಕಳಿಗೆ 1 ಗಂಟೆ ಮುಂಚಿನವರೆಗೂ ತಿಳಿ ಪಾನೀಯ ಕೊಡಿ ಎನ್ನುತ್ತದೆ. ನಮ್ಮಲ್ಲಿ ಇನ್ನೂ ಹೆಚ್ಚಿನವರು 2 ಗಂಟೆಯನ್ನೇ ಪಾಲಿಸುತ್ತಾರೆ. "ನಮ್ಮದು ಎಷ್ಟನೇ ಕೇಸು, ನೀರು ಎಷ್ಟು ಗಂಟೆವರೆಗೆ ಕುಡಿಸಬಹುದು?" ಎಂದು ಹಿಂದಿನ ದಿನವೇ ಸಿಸ್ಟರ್ ಹತ್ತಿರ ಕೇಳಿ. ಕೇಳುವುದು ನಿಮ್ಮ ಹಕ್ಕು.

ಸಕ್ಕರೆ ಕಾಯಿಲೆ ಹಳೆಯದಾಗಿದ್ದವರಿಗೆ, ಹೆರಿಗೆ ನೋವು ಶುರುವಾದ ಗರ್ಭಿಣಿಯರಿಗೆ, ಪೆಟ್ಟು ಬಿದ್ದು ನೋವಿನಲ್ಲಿರುವವರಿಗೆ ಈ ಗಂಟೆಗಳನ್ನು ಹಾಗೇ ನಂಬಲಾಗುವುದಿಲ್ಲ, ಅವರ ಹೊಟ್ಟೆ ನಿಧಾನವಾಗಿ ಖಾಲಿಯಾಗಬಹುದು. ತೂಕಕ್ಕೋ ಸಕ್ಕರೆಗೋ ವಾರಕ್ಕೊಮ್ಮೆ ಸೆಮಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುವವರದ್ದೂ ಅಷ್ಟೇ, ಹೇಳದೆ ಇರಬೇಡಿ.

ಚನ್ನಗಿರಿ, ಹೊನ್ನಾಳಿ ಕಡೆಯವರಿಗೆ ಇನ್ನೊಂದು ಮಾತು. ಆ ಬೆಳಿಗ್ಗೆ ಎಲೆ ಅಡಿಕೆ, ಗುಟ್ಕಾ ಖಂಡಿತ ಬೇಡ. ಬಾಯಲ್ಲಿ ಉಳಿದ ಅಡಿಕೆ ಚೂರು ಗಂಟಲಿಗೆ ಜಾರಬಹುದು. ವರ್ಷಗಟ್ಟಲೆ ಅಡಿಕೆ ಜಗಿದು ಬಾಯಿ ಮೂರು ಬೆರಳಷ್ಟು ತೆರೆಯದಿದ್ದರೆ ಆಪರೇಷನ್‌ಗೆ ಮುಂಚಿನ ತಪಾಸಣೆ ದಿನವೇ ತೋರಿಸಿ, ಟ್ಯೂಬ್ ಹಾಕಲು ಬೇರೆ ಉಪಕರಣ ಸಿದ್ಧ ಮಾಡಿಕೊಳ್ಳಬೇಕಾಗುತ್ತದೆ.

ಉಪವಾಸವೆಂದು ಬಿಪಿ ಮಾತ್ರೆಯನ್ನೂ ಬಿಟ್ಟುಬಿಡುವವರು ಬಹಳ. ಬಹುತೇಕ ಬಿಪಿ, ಹೃದಯದ ಮಾತ್ರೆಗಳನ್ನು ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ನುಂಗಬಹುದು, ಕೆಲವನ್ನು ಮಾತ್ರ ನಿಲ್ಲಿಸುತ್ತೇವೆ. ಸಕ್ಕರೆ ಮಾತ್ರೆ ಬೆಳಿಗ್ಗೆ ಬೇಡ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳಿದ್ದರೆ ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ ಸರಿಯಾಗಿಯೇ ಕಂಡರೂ ರಕ್ತದಲ್ಲಿ ಆಮ್ಲ ಏರಬಹುದು. ಯಾವುದನ್ನು ಯಾವಾಗ ನಿಲ್ಲಿಸುವುದೆಂದು ನೀವೇ ತೀರ್ಮಾನಿಸದೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಸ್ಟ್ರಿಪ್ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ತಪಾಸಣೆಗೆ ಬನ್ನಿ.