ನದಿಯಲ್ಲಿ ನೀರೇ ಇಲ್ಲವಲ್ಲ, ದಂಡೆಯ ಮರಳಲ್ಲಿ ಟೆಂಟ್ ಹಾಕಬಹುದಾ?

ಓದುಗರ ಪ್ರಶ್ನೆ: ಅರಿಝೋನಾದ ಗಿಲಾ ಬಾಕ್ಸ್‌ನಲ್ಲಿ ಎರಡು ರಾತ್ರಿ ಕ್ಯಾಂಪಿಂಗ್ ಮಾಡಬೇಕು ಅಂದುಕೊಂಡಿದ್ದೇವೆ. ಆ ಕಣಿವೆಯ ಗಿಲಾ ನದಿಯಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲವಂತೆ. ಫೋಟೊಗಳಲ್ಲಿ ನೋಡಿದರೆ ದಂಡೆಯ ಮರಳು ಸಮತಟ್ಟಾಗಿ ಚೆನ್ನಾಗಿದೆ. ಟೆಂಟ್ ಅಲ್ಲೇ ಹಾಕಿದರೆ ತೊಂದರೆ ಇದೆಯೇ?

ಉತ್ತರ: ಇದೆ, ಅಲ್ಲಿ ಹಾಕಬೇಡಿ. ಆ ಮರಳು ಅಷ್ಟು ಸಮತಟ್ಟಾಗಿ ಇರುವುದಕ್ಕೆ ಕಾರಣವೇ ನದಿ. ಹಿಂದಿನ ಸಲ ಉಕ್ಕಿದಾಗ ಹೊತ್ತು ತಂದು, ಹಾಸಿ, ಇಳಿದು ಹೋಗಿದೆ. ಗಿಡಗಂಟಿ ಇಲ್ಲದೆ ಸ್ವಚ್ಛವಾಗಿ ಕಾಣುತ್ತಿದ್ದರೆ ಇನ್ನೂ ಅನುಮಾನ ಪಡಬೇಕು, ಗಿಡ ಬೇರೂರುವಷ್ಟು ಕಾಲವೂ ನದಿ ಅದನ್ನು ಬಿಟ್ಟಿಲ್ಲ ಎಂದರ್ಥ. ಇಲ್ಲಿ ಜಾಗ ಆರಿಸುವಾಗ ಇವತ್ತಿನ ನೀರಿನ ಮಟ್ಟವನ್ನು ಲೆಕ್ಕಕ್ಕೇ ಹಿಡಿಯಬಾರದು. ಕೊನೆಯ ಪ್ರವಾಹ ಎಲ್ಲಿವರೆಗೆ ಏರಿತ್ತು ಅನ್ನುವುದನ್ನು ಹುಡುಕಬೇಕು.

ಗಿಲಾ ಬಾಕ್ಸ್ ಇರುವುದು ಆಗ್ನೇಯ ಅರಿಝೋನಾದಲ್ಲಿ, ಸ್ಯಾಫರ್ಡ್ ಊರಿನ ಈಶಾನ್ಯಕ್ಕೆ. ಫೀನಿಕ್ಸ್, ಚಾಂಡ್ಲರ್ ಕಡೆಯ ಕನ್ನಡಿಗರಿಗೆ ಸ್ಯಾಫರ್ಡ್‌ವರೆಗೆ ಸುಮಾರು ಮೂರು ಗಂಟೆಯ ದಾರಿ. ಸುಮಾರು 23,000 ಎಕರೆಯ ಈ ಪ್ರದೇಶಕ್ಕೆ 1990ರಲ್ಲಿ ಅಮೆರಿಕದ ಕಾಂಗ್ರೆಸ್ ಸಂರಕ್ಷಿತ ನದೀತೀರದ ಸ್ಥಾನ ಕೊಟ್ಟಿತು, ನೋಡಿಕೊಳ್ಳುವುದು ಅಲ್ಲಿನ ಸರ್ಕಾರಿ ಭೂಮಿ ನಿರ್ವಹಣಾ ಸಂಸ್ಥೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್. ಸುತ್ತ ಒಣ ಗುಡ್ಡ, ನಡುವೆ ಗಿಲಾ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನದಿಗಳು, ಜೊತೆಗೆ ಬೊನಿಟಾ, ಈಗಲ್ ಎಂಬ ಎರಡು ಹಳ್ಳಗಳು. ಗಿಲಾದ ನೀರು ಬರುವುದು ಪಶ್ಚಿಮ ನ್ಯೂ ಮೆಕ್ಸಿಕೊದ ಬೆಟ್ಟಗಳಿಂದ. ಹಾಗಾಗಿ ನಿಮ್ಮ ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗಲೇ, ಮಧ್ಯಾಹ್ನ ಎಲ್ಲೋ ಸುರಿದ ಮಳೆಯ ನೀರು ರಾತ್ರಿ ಬಂದು ತಲುಪಬಹುದು. ಕಣಿವೆಯೊಳಗೆ ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಎಚ್ಚರಿಕೆಯ ಸಂದೇಶ ಫೋನಿಗೆ ಬರುತ್ತದೆ ಎಂದು ನಂಬಿ ಕೂರಬೇಡಿ.

ಮಳೆಗಾಲ ತಪ್ಪಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಮಾನ್ಸೂನ್ ಎಂದು ಲೆಕ್ಕ ಹಾಕುವುದು ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಆದರೆ ಮೇಲ್ಗಡೆ ಸ್ಯಾನ್ ಫ್ರಾನ್ಸಿಸ್ಕೊ ನದಿಯ ದಂಡೆಯಲ್ಲಿರುವ ಕ್ಲಿಫ್ಟನ್ ಊರನ್ನು ಮುಳುಗಿಸಿದ 1983ರ ಮಹಾಪೂರ ಬಂದದ್ದು ಆ ಅವಧಿ ಮುಗಿಯುತ್ತಿದ್ದಂತೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಪೆಸಿಫಿಕ್‌ನಿಂದ ಬಂದ ಚಂಡಮಾರುತದ ಉಳಿಕೆ ತೇವದಿಂದ. ಚಳಿಗಾಲದ ಮಳೆ, ವಸಂತದಲ್ಲಿ ಕರಗುವ ಹಿಮ ಕೂಡ ನದಿಯನ್ನು ಏರಿಸುತ್ತವೆ. ರಾಫ್ಟ್, ಕಯಾಕ್‌ನವರು ಕಾದು ಕೂರುವುದೇ ಆ ವಸಂತದ ನೀರಿಗೆ.

ಕೆಆರ್‌ಎಸ್ ಒಳಹರಿವು, ಹೊರಹರಿವು ಓದಿ ಬೆಳೆದವರಿಗೆ ಒಂದು ಅನುಕೂಲವಿದೆ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ತನ್ನ ಜಾಲತಾಣದಲ್ಲಿ ಸಿಎಫ್‌ಎಸ್ ಎಂದು ತೋರಿಸುವುದು ನಮ್ಮ ಕ್ಯೂಸೆಕ್ಕನ್ನೇ, ಸೆಕೆಂಡಿಗೆ 28.3 ಲೀಟರ್. ಹೊರಡುವ ಮುನ್ನ ಎರಡು ಮಾಪನ ಕೇಂದ್ರ ನೋಡಿ: ಕ್ಲಿಫ್ಟನ್‌ನಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ನದಿಯದು, ಕ್ಲಿಫ್ಟನ್ ಹತ್ತಿರದ ಗಿಲಾ ನದಿಯದು. ಎರಡೂ ನಿಮ್ಮಿಂದ ಮೇಲ್ಗಡೆ ಇವೆ. ಬಹಳ ಜನ ಸಾಲೊಮನ್ ಹತ್ತಿರದ ಕೇಂದ್ರ ನೋಡಿ ಸಮಾಧಾನ ಪಡುತ್ತಾರೆ. ಅದು ಕೆಳಗಡೆಯದು, ನಿಮ್ಮನ್ನು ದಾಟಿ ಹೋದ ನೀರನ್ನು ಅಳೆಯುತ್ತದೆ. ಅಂಕಿಗಿಂತ ಗೆರೆಯ ಏರಿಳಿತ ಮುಖ್ಯ. ಕಳೆದ ಒಂದು ವಾರದ ಗ್ರಾಫ್ ತೆಗೆದು, ಗೆರೆ ಏರುಮುಖದಲ್ಲಿದ್ದರೆ ಅಥವಾ ಗೋಡೆಯಂತೆ ನೇರ ಎದ್ದು ನಿಂತಿದ್ದರೆ ಪ್ರವಾಸ ಮುಂದೂಡಿ. ಹವಾಮಾನ ನೋಡುವಾಗಲೂ ಸ್ಯಾಫರ್ಡ್‌ನದಷ್ಟೇ ನೋಡಿದರೆ ಸಾಲದು, ಪೂರ್ವದ ಬೆಟ್ಟಗಳ ಮೇಲಿನ ಮೋಡವನ್ನೂ ನೋಡಿ.

ಈ ಗ್ರಾಫ್‌ಗಳಿಗೆ ಕಾಣದ್ದು ಒಂದಿದೆ: ಪಕ್ಕದ ಕಿರುಕಣಿವೆಗಳು. ಅಲ್ಲಿ ವರ್ಷದ ಬಹುಪಾಲು ತೊಟ್ಟು ನೀರಿರುವುದಿಲ್ಲ, ಮಾಪನವೂ ಇಲ್ಲ. ಕಿರುಕಣಿವೆ ನದಿಗೆ ಸೇರುವ ಬಾಯಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿದ ಜಲ್ಲಿಯ ದಿಬ್ಬ ಇರುತ್ತದೆ. ನದಿಗಿಂತ ಎತ್ತರ, ಒಣ, ನೋಡಲು ಸುರಕ್ಷಿತ. ಜನ ಮೋಸಹೋಗುವುದು ಇಲ್ಲೇ. ಆ ಜಲ್ಲಿ ಬಂದದ್ದೇ ಕಿರುಕಣಿವೆಯ ದಿಢೀರ್ ಪ್ರವಾಹದಲ್ಲಿ, ಮತ್ತು ಅದು ಬರುವಾಗ ಬರೀ ನೀರಲ್ಲ, ಕಲ್ಲು, ದಿಮ್ಮಿ, ಕೆಸರು ಎಲ್ಲ ಕೂಡಿ ಬರುತ್ತದೆ.

ಹಾಗಾದರೆ ಎಲ್ಲಿ ಹಾಕಬೇಕು? ನದಿಗೆ ಬೆನ್ನು ಮಾಡಿ, ದಂಡೆಯಿಂದ ಮೇಲಕ್ಕೆ ನಡೆಯುತ್ತ ಗಿಡಗಳನ್ನು ಗಮನಿಸಿ. ನೀರಿನ ಅಂಚಲ್ಲಿ ವಿಲ್ಲೊ ಮತ್ತು ಟ್ಯಾಮರಿಸ್ಕ್ ಪೊದೆಗಳು, ಪದೇ ಪದೇ ಮುಳುಗಿದರೂ ಬದುಕುವಂಥವು. ಆಮೇಲೆ ಅರಳಿಯಂತೆ ಎಲೆ ಅಲ್ಲಾಡಿಸುವ ದೊಡ್ಡ ಕಾಟನ್‌ವುಡ್ ಮರಗಳು. ಅದಕ್ಕೂ ಮೇಲಿನ ಮೆಟ್ಟಿಲಿನಂಥ ಬಯಲಿನಲ್ಲಿ ಮೆಸ್ಕೀಟ್. ಇದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ, ಕಾಯಿ ನೋಡಿದರೇ ಗುರುತು ಸಿಗುತ್ತದೆ. ಹಳೆಯ, ದಪ್ಪ ಕಾಂಡದ ಮೆಸ್ಕೀಟ್ ಒತ್ತಾಗಿ ಬೆಳೆದಿರುವಲ್ಲಿ ನದಿ ಅಪರೂಪಕ್ಕೆ ಬರುತ್ತದೆ. ಅಷ್ಟರಿಂದಲೇ ತೃಪ್ತಿಪಡದೆ ತಲೆಯೆತ್ತಿ ಕೊಂಬೆಗಳನ್ನು ನೋಡಿ. ಕವಲುಗಳಲ್ಲಿ ಒಣಹುಲ್ಲು, ಕಡ್ಡಿ, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡು ಗುಬ್ಬಚ್ಚಿ ಗೂಡಿನಂತೆ ಕೂತಿದ್ದರೆ ನೀರು ಅಲ್ಲಿವರೆಗೆ ಏರಿತ್ತು. ಆ ಕಸದ ಗುರುತುಗಳಲ್ಲಿ ಅತಿ ಮೇಲಿನದನ್ನು ಹುಡುಕಿ, ನಿಮ್ಮ ಟೆಂಟಿನ ನೆಲ ಅದಕ್ಕಿಂತ ಒಂದಾಳೆತ್ತರವಾದರೂ ಮೇಲಿರಲಿ. ಹಿಂದೆ ಕಡಿದಾದ ಬಂಡೆ ಇರಬಾರದು, ಕತ್ತಲಲ್ಲೂ ನಡೆದು ಹತ್ತುವಂಥ ಇಳಿಜಾರು ಇರಬೇಕು. ಬೆಳಕಿರುವಾಗಲೇ ಒಮ್ಮೆ ಹತ್ತಿ ನೋಡಿ.

ಕಾಟನ್‌ವುಡ್ ನೆರಳು ಮಧ್ಯಾಹ್ನಕ್ಕೆ ಸರಿ, ರಾತ್ರಿ ಮಲಗಲು ಬೇಡ. ಗಾಳಿ ಇಲ್ಲದ ಹೊತ್ತಲ್ಲೂ ದೊಡ್ಡ ಕೊಂಬೆ ಮುರಿದು ಬೀಳಿಸುವ ಮರ ಅದು. ಮೆಸ್ಕೀಟ್ ಬುಡದಲ್ಲಿ ಬೇರೆ ಪೀಡೆ: ಉದುರಿದ ಮುಳ್ಳು. ಗಾಳಿ ತುಂಬಿದ ಹಾಸಿಗೆ ಮೊದಲ ರಾತ್ರಿಯೇ ಚಪ್ಪಟೆಯಾಗುತ್ತದೆ. ನೆಲವನ್ನು ಬೂಟಿನ ಅಂಚಿನಿಂದ ಕೆರೆದು ಗುಡಿಸಿ, ದಪ್ಪ ಟಾರ್ಪಾಲ್ ಹಾಸಿ, ಫೋಮ್ ಮ್ಯಾಟ್ ಬಳಸಿ. ಈ ಬಯಲಿನ ಮಣ್ಣು ಹಿಟ್ಟಿನಂತೆ ಸಡಿಲ, ಸಾಧಾರಣ ಗೂಟ ನಿಲ್ಲುವುದಿಲ್ಲ. ಮೊಳಕೈ ಉದ್ದದ ಕಟ್ಟಿಗೆಯ ನಡುವಿಗೆ ಹಗ್ಗ ಕಟ್ಟಿ, ಒಂದು ಅಡಿ ಆಳದಲ್ಲಿ ಅಡ್ಡಲಾಗಿ ಹೂತು, ಮೇಲೆ ತುಳಿದು ಬಿಗಿ ಮಾಡಿ, ಅದಕ್ಕೆ ಟೆಂಟಿನ ಹಗ್ಗ ಬಿಗಿಯಿರಿ. ಗುಡುಗು ಮೋಡದ ಮುಂದೆ ಬರುವ ಗಾಳಿಗೆ ಇಷ್ಟು ಬೇಕೇ ಬೇಕು. ಎತ್ತರದಲ್ಲಿ ಹಾಕಿದ್ದಕ್ಕೆ ಇನ್ನೊಂದು ಲಾಭ, ರಾತ್ರಿ ತಣ್ಣನೆಯ ಗಾಳಿ ಜಾರಿ ನದಿಪಾತ್ರದಲ್ಲಿ ನಿಲ್ಲುತ್ತದೆ. ಚಳಿಗಾಲದಲ್ಲಿ ಕೆಳಗಿನ ಟೆಂಟ್ ಒಳಗೆಲ್ಲ ಹನಿ ಕಟ್ಟಿ ಒದ್ದೆಯಾದಾಗ ಮೇಲಿನದು ಒಣಗಿಯೇ ಇರುತ್ತದೆ.

ಇಷ್ಟೆಲ್ಲ ಹುಡುಕಾಟ ಬೇಡ ಅನ್ನುವವರಿಗೆ, ಮೊದಲ ಸಲ ಹೋಗುವವರಿಗೂ, ಪಶ್ಚಿಮ ತುದಿಯ ರಿವರ್‌ವ್ಯೂ ಅಥವಾ ಪೂರ್ವ ತುದಿಯ ಔಲ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಒಳ್ಳೆಯದು. ಟೇಬಲ್, ನೆರಳು, ಶೌಚಾಲಯ ಇವೆ, ಸೈಟುಗಳು ಮಾತ್ರ ಹೆಚ್ಚಿಲ್ಲ. ಔಲ್ ಕ್ರೀಕ್‌ಗೆ ಹೋಗುವ ಬ್ಲ್ಯಾಕ್ ಹಿಲ್ಸ್ ರಸ್ತೆ ಮಣ್ಣಿನದು, ಹತ್ತಿರದಲ್ಲೇ ಗಿಲಾ ನದಿಗೆ 1918ರಲ್ಲಿ ಕಟ್ಟಿದ ಹಳೆಯ ಕಾಂಕ್ರೀಟ್ ಸೇತುವೆ ಇದೆ, ನೋಡಿ ಬನ್ನಿ.

ಕುಡಿಯುವ ನೀರನ್ನು ಪೂರ್ತಿ ಹೊತ್ತೊಯ್ಯಿರಿ, ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ, ಓಆರ್‌ಎಸ್ ಪೊಟ್ಟಣವೋ ಉಪ್ಪು ಹಾಕಿದ ನಿಂಬೆ ಪಾನಕವೋ ಜೊತೆಗಿರಲಿ. ನದಿ ನೀರಿನ ಮೇಲೆ ಭಾರ ಹಾಕಬೇಡಿ. ಕೆಸರಿನಿಂದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಮೇಲ್ಗಡೆ ಕ್ಲಿಫ್ಟನ್, ಮೊರೆನ್ಸಿಯ ತಾಮ್ರದ ಗಣಿ ಪ್ರದೇಶವಿದೆ. ಕ್ಯಾಂಪಿಂಗ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಕರಗಿದ ಲೋಹವನ್ನಲ್ಲ. ಕುದಿಸಿದರೂ ಅದು ಹೋಗುವುದಿಲ್ಲ. ಪಾತ್ರೆ ತೊಳೆಯಲು ಬೇಕಾದರೆ ಬಕೆಟ್‌ನಲ್ಲಿ ಹಿಡಿದು, ಒಂದು ಚಿಟಿಕೆ ಪಟಿಕದ ಪುಡಿ ಕಲಕಿ ಬಿಟ್ಟರೆ ಕೆಲವು ಗಂಟೆಗಳಲ್ಲಿ ಮಣ್ಣು ತಳಕ್ಕೆ ಇಳಿಯುತ್ತದೆ. ತೊಳೆದ ನೀರನ್ನು ನದಿಗೆ ಚೆಲ್ಲದೆ 60 ಮೀಟರ್ ದೂರದಲ್ಲಿ ಚದುರಿಸಿ. ಬೊನಿಟಾ ಹಳ್ಳದ ಬಗ್ಗೆ ಇನ್ನಷ್ಟು ಜಾಗ್ರತೆ ಬೇಕು: ಸ್ಯಾಫರ್ಡ್ ಊರಿನ ಕುಡಿಯುವ ನೀರಿನ ಮೂಲಗಳಲ್ಲಿ ಅದೂ ಒಂದು, ಅಳಿವಿನಂಚಿನ ಸ್ಥಳೀಯ ಮೀನುಗಳಿಗೂ ಆಸರೆ. ಮಕ್ಕಳು ಆಟಕ್ಕೆ ಕಲ್ಲು ಜೋಡಿಸಿ ಕಟ್ಟೆ ಕಟ್ಟಿದರೆ ಬಿಚ್ಚಿಸಿ. ಶೌಚಕ್ಕೆ ಗುಂಡಿ ತೋಡುವುದಾದರೂ ಅಷ್ಟೇ ದೂರ, ಅರ್ಧ ಅಡಿ ಆಳ. ಕಣಿವೆ ಕಿರಿದಾಗಿ ಅಷ್ಟು ದೂರ ಹೋಗಲು ಆಗದಿದ್ದರೆ ಅದಕ್ಕೆಂದೇ ಸಿಗುವ ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು.

ರಾತ್ರಿ ನದಿಯ ಸದ್ದು ಬದಲಾದರೆ ಎದ್ದು ನೋಡಿ. ತಿಳಿಯಿದ್ದ ನೀರು ಕೆಂಪಾಗುವುದು, ಎಲೆ, ಕಡ್ಡಿ, ನೊರೆ ತೇಲಿ ಬರುವುದು, ಒದ್ದೆ ಮಣ್ಣಿನ ವಾಸನೆ, ಇವಿಷ್ಟೇ ಮುನ್ಸೂಚನೆ. ಸಂಜೆಯೇ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟಿಟ್ಟರೆ ಟಾರ್ಚ್ ಹಾಕಿದಾಗ ಏರಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಏರುತ್ತಿದ್ದರೆ ಬೂಟು, ಟಾರ್ಚ್, ಕಾರಿನ ಕೀ ಹಿಡಿದು ಮೇಲೆ ಹತ್ತಿ. ಟೆಂಟ್ ಬಿಚ್ಚಲು ನಿಲ್ಲಬೇಡಿ. ಬೂಟು ಹಾಕುವ ಮುನ್ನ ಕೊಡವಿ, ಚೇಳುಗಳಿವೆ.

ಬೆಳಿಗ್ಗೆ ಮಳೆ ನಿಂತಿದೆ ಎಂದು ಕಾರು ಹೊರಡಿಸುವ ಆತುರವೂ ಬೇಡ. ಬೊನಿಟಾ ಹಳ್ಳದ ದಾರಿ ನೀರಿನೊಳಗೇ ಹಾದುಹೋಗುತ್ತದೆ, ಎತ್ತರದ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಬಲ್ಲದು, ಎರಡು ಅಡಿಗೆ ಹೆಚ್ಚಿನ ಗಾಡಿಗಳು ತೇಲುತ್ತವೆ. ತಡೆ ಹಾಕಿದ ರಸ್ತೆಯಲ್ಲಿ ನುಗ್ಗಿ ಸಿಕ್ಕಿಬಿದ್ದರೆ ರಕ್ಷಣೆಯ ಖರ್ಚನ್ನು ಚಾಲಕರಿಂದಲೇ ವಸೂಲಿ ಮಾಡುವ ಕಾನೂನು ಅರಿಝೋನಾದಲ್ಲಿದೆ, ಜನ ಅದನ್ನು ಕರೆಯುವುದೇ ‘ಸ್ಟುಪಿಡ್ ಮೋಟರಿಸ್ಟ್ ಲಾ’ ಎಂದು. ನೀರು ಇಳಿಯುವವರೆಗೆ ಕಾಯಲು ಒಂದು ದಿನದ ಹೆಚ್ಚುವರಿ ಊಟ, ನೀರು ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೊರಡಿ. ಸೋಮವಾರದ ಆಫೀಸಿಗೆ ತಡವಾಗಬಹುದು ಎಂದು ಮೊದಲೇ ಹೇಳಿಟ್ಟಿರಿ.